ನೀರಿನ ಕೆಳಗಿನ ಇತಿಹಾಸ: ಗೋವೆಯ ಹಡಗುಗಳೂ ಅವುಗಳ ತಳದ ಬಣ್ಣವೂ

ಜೂನ್ ತಿಂಗಳು ಬಂದಿತೆಂದರೆ ನಮ್ಮ ಗೋವೆಯ ಜೆಟ್ಟಿಗಳ ನೋಟವೇ ಬದಲಾಗುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುತ್ತದೆ. ಮಾಲಿಮ್, ಕುಟ್ಬಣ, ವಾಸ್ಕೋದ ಖಾರಿವಾಡಾಗಳಲ್ಲಿ ದೋಣಿಗಳು ಒಂದಕ್ಕೊಂದು ಒತ್ತಿಕೊಂಡು ನಿಲ್ಲುತ್ತವೆ. ಕೆಲವು ದಂಡೆಯನ್ನೇರಿ ಮರದ ಆಸರೆಗಳ ಮೇಲೆ ಕೂರುತ್ತವೆ. ವರ್ಷವಿಡೀ ನಮಗೆ ಕಾಣದೆ ನೀರಿನಲ್ಲಿ ಮುಳುಗಿದ್ದ ಅವುಗಳ ಒಡಲು ಆಗ ಬೆಳಕಿಗೆ ಬರುತ್ತದೆ. ಮಾಸಿದ ಕೆಂಪು ಬಣ್ಣ, ಅದರ ಮೇಲೆ ಹಸಿರು ಪಾಚಿ, ಅಲ್ಲಲ್ಲಿ ಸುಣ್ಣ ಕಾರಿದಂತೆ ಬಿಳಿಯ ಚಿಪ್ಪುಗಳ ಹಿಂಡು. ಕೆಲವೇ ದಿನಗಳಲ್ಲಿ ಉಳಿ, ಕೆರೆಯುವ ತಗಡು, ನೀರಿನ ಪೈಪು, ಬಣ್ಣದ ಡಬ್ಬಿಗಳೊಡನೆ ಕೆಲಸಗಾರರು ಬಂದು ಅದರ ಅಡಿಯಲ್ಲಿ ಕೂರುತ್ತಾರೆ. ಅವರ ಮಾತಿಗೆ ಕಿವಿಗೊಟ್ಟರೆ, ಕೊಂಕಣಿಯ ನಡುನಡುವೆ ವಿಜಯಪುರದ, ಬಾಗಲಕೋಟೆಯ, ಕೊಪ್ಪಳದ ಕನ್ನಡವೂ ಎಷ್ಟೋ ಸಲ ಕೇಳಿಬರುತ್ತದೆ.

ಹಡಗಿನ ಇತಿಹಾಸವನ್ನು ನಾವು ಹಾಯಿಯಿಂದ ಓದಿದ್ದೇವೆ, ಬಾವುಟದಿಂದ ಓದಿದ್ದೇವೆ, ಫಿರಂಗಿಯಿಂದ ಓದಿದ್ದೇವೆ. ಅದರ ತಳದಿಂದ ಓದಿದ್ದು ಕಡಮೆ. ಆದರೆ ಯಾವ ಹಡಗು ಎಷ್ಟು ದೂರ ಹೋಗಬಲ್ಲದು, ಎಷ್ಟು ವೇಗದಲ್ಲಿ ಸಾಗಬಲ್ಲದು, ಮರಳಿ ಬರುವುದೋ ಇಲ್ಲವೋ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸಿದ್ದು ಕಣ್ಣಿಗೆ ಕಾಣದ ಆ ತಳ. ಅದನ್ನು ಉಜ್ಜಿ, ಬಳಿದು ಕಾಪಾಡಿದ ಹೆಸರಿಲ್ಲದ ಕೈಗಳು. ಕನ್ನಡದ ಕದಂಬರು ಆಳಿದ, ಇಂದಿಗೂ ಕನ್ನಡದ ಕೈಗಳು ದುಡಿಯುತ್ತಿರುವ ಈ ನೆಲದಲ್ಲಿ ನಿಂತು, ಆ ತಳದ ಕಥೆಯನ್ನು ಒಮ್ಮೆ ಹೇಳಿಕೊಳ್ಳುವುದು ಉಚಿತವೆಂದು ನಾವು ಭಾವಿಸಿದ್ದೇವೆ.

ಅಂಟಿಕೊಳ್ಳುವ ನೆರೆಹೊರೆ

ಕಡಲಿನಲ್ಲಿ ಖಾಲಿ ಜಾಗಕ್ಕೆ ಬಹಳ ಬೆಲೆ. ಶುಭ್ರವಾದ ಹಲಗೆಯೊಂದನ್ನು ನೀರಿಗೆ ಇಳಿಸಿದರೆ ಕೆಲವೇ ಗಂಟೆಗಳಲ್ಲಿ ಅದರ ಮೇಲೆ ಸೂಕ್ಷ್ಮಜೀವಿಗಳ ತೆಳುವಾದ ಲೋಳೆ ಹರಡುತ್ತದೆ. ಅದರ ಹಿಂದೆ ಕಣ್ಣಿಗೆ ಕಾಣದ ಪಾಚಿಗಳು, ಅವುಗಳ ಹಿಂದೆ ಚಿಪ್ಪುಜೀವಿಗಳ ಮರಿಗಳು ಬರುತ್ತವೆ. ಇವುಗಳಲ್ಲಿ ಹಡಗಿನವರಿಗೆ ದೊಡ್ಡ ಕಾಟ ಬಾರ್ನಕಲ್ ಎಂಬ ಜೀವಿಯದು. ಸೇತುವೆಯ ಕಂಬಗಳಿಗೂ ಕಡಲಂಚಿನ ಬಂಡೆಗಳಿಗೂ ಮೆತ್ತಿಕೊಂಡಿರುವ, ಬರಿಗಾಲಿಗೆ ಚುಚ್ಚುವ ಆ ಚಿಕ್ಕ ಬಿಳಿಯ ಗೋಪುರಗಳನ್ನು ಕರಾವಳಿಯವರೆಲ್ಲ ಬಲ್ಲರು. ಚಿಪ್ಪು ನೋಡಿ ಅದನ್ನು ಕಪ್ಪೆಚಿಪ್ಪಿನ ಬಂಧುವೆಂದು ತಿಳಿಯುವುದು ಸಹಜ. ನಿಜದಲ್ಲಿ ಅದು ಸಿಗಡಿ, ಏಡಿಗಳ ಕುಲಕ್ಕೆ ಸೇರಿದ್ದು. ಅದರ ಮರಿ ಬಾಡಿಗೆಮನೆ ಹುಡುಕುವವರಂತೆ ಹಲಗೆಯ ಮೇಲೆ ಅತ್ತಿತ್ತ ಓಡಾಡಿ, ತನ್ನ ಜಾತಿಯವರು ಹತ್ತಿರದಲ್ಲಿದ್ದಾರೆಯೇ ಎಂದು ಪರೀಕ್ಷಿಸಿ, ಜಾಗ ಒಪ್ಪಿಗೆಯಾದರೆ ತಲೆಯನ್ನೇ ಅಂಟಿಸಿಕೊಂಡು ಜೀವಮಾನವೆಲ್ಲ ಅಲ್ಲೇ ನೆಲೆಸುತ್ತದೆ. ಚಾರ್ಲ್ಸ್ ಡಾರ್ವಿನ್ 1846ರಿಂದ 1854ರವರೆಗೆ ಎಂಟು ವರ್ಷಗಳನ್ನು ಈ ಜೀವಿಯ ಅಧ್ಯಯನಕ್ಕೇ ಮೀಸಲಿಟ್ಟಿದ್ದ.

ಮರದ ಹಡಗಿಗೆ ಇನ್ನೊಬ್ಬ ಶತ್ರು ಇದ್ದಾನೆ: ಹಡಗು ಹುಳು. ಹೆಸರಿಗೆ ಹುಳುವಾದರೂ ಇದು ಚಿಪ್ಪುಜೀವಿಯೇ. ಸೂಜಿಮೊನೆಯಷ್ಟು ರಂಧ್ರದಲ್ಲಿ ಒಳಹೊಕ್ಕು, ಹೊರಗೆ ಗುರುತು ಕಾಣದಂತೆ ಹಲಗೆಯನ್ನು ಜೇನುಗೂಡು ಮಾಡಿಬಿಡುತ್ತದೆ. ಬಾರ್ನಕಲ್ ಹಡಗಿನ ವೇಗವನ್ನು ಕದ್ದರೆ ಹಡಗು ಹುಳು ಹಡಗನ್ನೇ ಕದಿಯುತ್ತದೆ.

ವೇಗದ ಕಳವು ಅಲ್ಪವೆಂದು ತಿಳಿಯಬಾರದು. ಹಡಗಿನ ತಳದ ಅರ್ಧ ಭಾಗದವರೆಗೆ ಕೇವಲ ಅರ್ಧ ಮಿಲಿಮೀಟರ್ ದಪ್ಪದ ಲೋಳೆ ಹರಡಿದರೂ, ಅದು ಉಗುಳುವ ಹಸಿರುಮನೆ ಅನಿಲಗಳ ಪ್ರಮಾಣ ಶೇಕಡಾ 25ರಿಂದ 30ರಷ್ಟು ಏರಬಹುದೆಂದು ಅಂತರರಾಷ್ಟ್ರೀಯ ಸಾಗರ ಸಂಸ್ಥೆಯ ವರದಿಯೊಂದು ಲೆಕ್ಕ ಹಾಕಿದೆ. ಅಷ್ಟು ಹೆಚ್ಚು ಎಣ್ಣೆ ಉರಿಯಿತೆಂದೇ ಅದರ ಅರ್ಥ. ಹಾಯಿಯ ಕಾಲದಲ್ಲಿ ಎಣ್ಣೆಯ ಖರ್ಚಿರಲಿಲ್ಲ. ಬದಲಿಗೆ ಕಡಲಿನ ಮೇಲೆ ಕಳೆಯುವ ದಿನಗಳು ಹೆಚ್ಚುತ್ತಿದ್ದವು. ದಿನ ಹೆಚ್ಚಿದಂತೆ ಕುಡಿಯುವ ನೀರು ಮುಗಿಯುತ್ತಿತ್ತು, ಜನ ಸಾಯುತ್ತಿದ್ದರು.

ಶಾಸನದಲ್ಲಿ ಹಾಯಿಮರ ಮಾತ್ರ

ಗೋವೆಯ ಕದಂಬರು ಮೊದಲು ಚಂದ್ರಪುರದಿಂದಲೂ ಆಮೇಲೆ ಜುವಾರಿ ದಂಡೆಯ ಗೋಪಕಪಟ್ಟಣದಿಂದಲೂ ಆಳಿದವರು. ಅವರದು ಕಡಲನ್ನು ಬಲ್ಲ ರಾಜ್ಯ. ಧಾರವಾಡದ ಹತ್ತಿರದ ನರೇಂದ್ರದ 1125ರ ಶಾಸನ, ಕದಂಬ ಚಟ್ಟಯ್ಯನು ಹಡಗುಗಳ ಸಾಲಿನಿಂದ ಲಂಕೆಯವರೆಗೆ ಸೇತುವೆ ಕಟ್ಟಿದನೆಂದು ಕೊಂಡಾಡುತ್ತದೆ. ಒಂದನೆಯ ಜಯಕೇಶಿಯ 1059ರ ಪಣಜಿ ತಾಮ್ರಪಟ ಮತ್ತೊಂದು ಪ್ರಸಂಗವನ್ನು ಹೇಳುತ್ತದೆ: ಅವನ ಪೂರ್ವಿಕ ಗುಹಲ್ಲದೇವ ಸೋಮನಾಥ ಯಾತ್ರೆಗೆ ಹೊರಟಾಗ ನಡುದಾರಿಯಲ್ಲಿ ಹಾಯಿಮರ ಮುರಿಯಿತು, ಗೋವೆಯ ಬಂದರನ್ನು ಸೇರಿದ ಅವನಿಗೆ ಅರಬ ಮೂಲದ ಮಹಮ್ಮದ ಎಂಬ ವರ್ತಕ ನೆರವಾದ. ಆ ವರ್ತಕನ ಮೊಮ್ಮಗ ಮುಂದೆ ಕದಂಬರ ಆಡಳಿತದಲ್ಲಿ ಉನ್ನತ ಪದವಿಗೆ ಏರಿದ. ಹಳೆಗೋವೆಯ ವಸ್ತುಸಂಗ್ರಹಾಲಯದಲ್ಲಿ ಹಡಗಿನ ಕಾಳಗವನ್ನು ಕೆತ್ತಿದ ವೀರಗಲ್ಲನ್ನು ನಮ್ಮ ಸದಸ್ಯರಲ್ಲಿ ಅನೇಕರು ನೋಡಿರಬಹುದು.

ಮುರಿದ ಹಾಯಿಮರ ತಾಮ್ರಪಟದಲ್ಲಿ ಉಳಿಯಿತು. ಮುರಿದ ಹಾಯಿಮರದ ಹಡಗನ್ನು ಬಂದರಿನವರೆಗೆ ತೇಲಿಸಿದ ತಳದ ಹೆಸರು ಎಲ್ಲಿಯೂ ಇಲ್ಲ. ಅದನ್ನು ಕಾಪಾಡುತ್ತಿದ್ದ ಬಗೆಯನ್ನು ನಾವು ಪ್ರವಾಸಿಗರ ಬರಹಗಳಿಂದಲೂ ಕರಾವಳಿಯಲ್ಲಿ ಉಳಿದುಬಂದ ರೂಢಿಯಿಂದಲೂ ಅರಿಯಬೇಕು. ಹದಿಮೂರನೆಯ ಶತಮಾನದ ಮಾರ್ಕೊ ಪೋಲೊ ಹೋರ್ಮುಜಿನಲ್ಲಿ ಕಂಡ ಹಡಗುಗಳ ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿದಿದ್ದರು. ಅವುಗಳಿಗೆ ಡಾಂಬರು ಹಚ್ಚದೆ ಮೀನೆಣ್ಣೆ ಬಳಿದಿದ್ದರು. ಅರಬಿ ಕಡಲಿನ ಉದ್ದಗಲಕ್ಕೂ ಹಬ್ಬಿದ್ದ ಪದ್ಧತಿ ಇದು. ಹಲಗೆಗಳ ಸಂದಿಗೆ ನಾರು, ಅದರ ಮೇಲೆ ಮರದ ರಾಳ, ಒಡಲಿಗೆಲ್ಲ ಮೀನೆಣ್ಣೆ. ನಮ್ಮ ಕರಾವಳಿಯ ದೋಣಿಗಳಿಗೆ ಗೋಡಂಬಿ ಸಿಪ್ಪೆಯ ಎಣ್ಣೆ ಬಳಿಯುವ ರೂಢಿಯೂ ಇತ್ತು. ಆದರೆ ಇದು ಕದಂಬರಿಗೆ ತಿಳಿದಿದ್ದ ವಿದ್ಯೆಯಲ್ಲ. ಗೋಡಂಬಿ ಗಿಡವೇ ಪೋರ್ಚುಗೀಸರೊಡನೆ ಬ್ರೆಜಿಲಿನಿಂದ ಬಂದದ್ದು.

ಎಣ್ಣೆ, ರಾಳಗಳಿಗಿಂತ ಹಿರಿಯ ಕಾವಲುಗಾರನೊಬ್ಬನಿದ್ದ, ಅವನೇ ಮಳೆಗಾಲ. ಸಹ್ಯಾದ್ರಿಯ ಮಳೆನೀರು ಇಳಿದು ಬಂದಾಗ ಮಾಂಡವಿ, ಜುವಾರಿಗಳ ಅಳಿವೆಯ ಮೇಲ್ನೀರು ಬಹುಮಟ್ಟಿಗೆ ಸಿಹಿಯಾಗುತ್ತದೆ. ಉಪ್ಪುನೀರಿನಲ್ಲೇ ಬಾಳುವ ಜೀವಿಗಳಿಗೆ ದೀರ್ಘಕಾಲದ ಸಿಹಿನೀರು ಮೃತ್ಯು. ಹಡಗನ್ನು ನದಿಯ ಮೇಲ್ಭಾಗಕ್ಕೆ ಒಯ್ದು ನಿಲ್ಲಿಸಿದರೆ ಅದರ ತಳದ ಚಿಪ್ಪುಗಳು ಸತ್ತು ಸಡಿಲವಾಗುತ್ತವೆಂಬುದು ಎಲ್ಲ ದೇಶದ ನಾವಿಕರೂ ಬಲ್ಲ ಸಂಗತಿ. ಗೋವೆಯ ಹಳೆಯ ಬಂದರುಗಳು ತೆರೆದ ಕಡಲಿನ ದಂಡೆಯಲ್ಲಿರದೆ ನದಿಗಳ ಒಡಲಿನಲ್ಲಿದ್ದುದಕ್ಕೆ ಗಾಳಿಯಿಂದ, ಶತ್ರುವಿನಿಂದ ರಕ್ಷಣೆ ಮುಖ್ಯ ಕಾರಣವಾಗಿದ್ದಿರಬಹುದು. ನದಿ ಮಾಡಿಕೊಡುತ್ತಿದ್ದ ಈ ಉಚಿತ ಶುಚಿಕಾರ್ಯವೂ ಹಡಗಿನವರಿಗೆ ವರವೇ ಆಗಿತ್ತು.

ಅಂಜದೀವದ ಹನ್ನೊಂದು ಹನ್ನೆರಡು ದಿನ

ಕಾರವಾರದ ದಂಡೆಗೆ ಹತ್ತಿರವಿದ್ದರೂ ಆಡಳಿತದಲ್ಲಿ ಗೋವೆಗೆ ಸೇರಿದ ಪುಟ್ಟ ದ್ವೀಪ ಅಂಜದೀವ. 1498ರ ಮೇ ತಿಂಗಳಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದುದನ್ನು ಶಾಲೆಯ ಮಕ್ಕಳೆಲ್ಲ ಬಲ್ಲರು. ಮರುಪ್ರಯಾಣದ ಕಥೆಯನ್ನು ಪಾಠಗಳು ಅಷ್ಟಾಗಿ ಹೇಳುವುದಿಲ್ಲ. ಲಿಸ್ಬನ್ ಬಿಟ್ಟು ಒಂದು ವರ್ಷ ದಾಟಿದ್ದ ಆ ಹಡಗುಗಳು ಅದೇ ಸೆಪ್ಟೆಂಬರಿನ ಕೊನೆಯ ಭಾಗದಲ್ಲಿ ಅಂಜದೀವಕ್ಕೆ ಬಂದು ನಿಂತವು. ಆ ಯಾತ್ರೆಯ ದಿನಚರಿ ಬರೆದವನು ಅಲ್ಲಿ ನಡೆದ ಮುಖ್ಯ ಕೆಲಸವನ್ನು ಸರಳವಾಗಿ ದಾಖಲಿಸಿದ್ದಾನೆ: ಮೊದಲು ಬೆರಿಯೊ ಎಂಬ ಚಿಕ್ಕ ಹಡಗನ್ನೂ ಅನಂತರ ನಾಯಕನ ಸಾಂವ್ ಗಾಬ್ರಿಯೆಲ್ ಹಡಗನ್ನೂ ದಂಡೆಗೆ ಎಳೆದು ಅವುಗಳ ತಳವನ್ನು ಶುಚಿಗೊಳಿಸಿದರು.

ಆ ಕಾಲದಲ್ಲಿ ಹಡಗನ್ನು ನೀರಿನಿಂದ ಪೂರ್ತಿ ಎತ್ತುವ ಸೌಕರ್ಯವಿರಲಿಲ್ಲ. ಭರತದಲ್ಲಿ ದಂಡೆಗೆ ತಂದು, ಸರಕನ್ನೆಲ್ಲ ಇಳಿಸಿ, ಇಳಿತವಾದಾಗ ಒಂದು ಮಗ್ಗುಲಿಗೆ ವಾಲಿಸಿ, ಮೇಲೆ ಬಂದ ಬದಿಯನ್ನು ಕೆರೆಯುತ್ತಿದ್ದರು. ಹುಲ್ಲು, ಸೊಪ್ಪಿನ ಬೆಂಕಿ ತೋರಿಸಿ ಪಾಚಿಯನ್ನು ಸುಟ್ಟು, ಸಂದಿಗಳಿಗೆ ನಾರು ತುಂಬಿ, ರಾಳ, ಡಾಂಬರು, ಕೊಬ್ಬು ಬಳಿದು, ಮತ್ತೊಂದು ಮಗ್ಗುಲಿಗೆ ಹೊರಳಿಸುತ್ತಿದ್ದರು. ಹೀಗೆ ಮಲಗಿದ ಹಡಗು ಕೊಡಲಿ ಕಳೆದುಕೊಂಡ ಯೋಧನಂತೆ. ಯಾರು ಬಂದರೂ ಎದುರಿಸಲಾರದು. ಅಂಜದೀವದಲ್ಲಿ ಅಪರಿಚಿತ ದೋಣಿಗಳು ಕಂಡಾಗಲೆಲ್ಲ ಪೋರ್ಚುಗೀಸರು ಬೆಚ್ಚಿದ್ದಕ್ಕೂ, ಬಿಜಾಪುರದ ಆಳಿಕೆಯ ಕಡೆಯಿಂದ ಸ್ನೇಹದ ಮಾತಾಡುತ್ತ ಬಂದವನನ್ನು ಹಿಡಿದು ಹಿಂಸಿಸಿದ್ದಕ್ಕೂ ಈ ಅಸಹಾಯಕತೆಯ ಭಯ ಕಾರಣವಾಗಿರಬೇಕು. ನೆರೆಯ ದಂಡೆಯ ನಮ್ಮ ಜನ ಆ ಪರದೇಶಿಗಳಿಗೆ ಮೀನು, ಕುಂಬಳಕಾಯಿ, ಸೌತೆಕಾಯಿಗಳನ್ನು ತಂದು ಮಾರಿದರೆಂಬುದೂ ಅದೇ ದಿನಚರಿಯಲ್ಲಿದೆ.

ಅಕ್ಟೋಬರ್ 5ರಂದು ಅವರು ಹೊರಟರು. ಎದುರುಗಾಳಿ, ಗಾಳಿಯಿಲ್ಲದ ದಿನಗಳ ದೆಸೆಯಿಂದ ಆಫ್ರಿಕದ ಮಲಿಂದಿ ತಲುಪಲು ಮೂರು ತಿಂಗಳು ಹಿಡಿಯಿತು. ಸ್ಕರ್ವಿ ರೋಗದಿಂದ ದಾರಿಯಲ್ಲಿ ಸುಮಾರು ಮೂವತ್ತು ಮಂದಿ ಸತ್ತರು. ಮೂರು ಹಡಗು ನಡೆಸಲು ಕೈಗಳು ಸಾಲದೆ ಸಾಂವ್ ರಾಫಾಯೆಲ್ ಎಂಬುದನ್ನು ಸುಟ್ಟುಹಾಕಿದರು. ಲಿಸ್ಬನ್ನಿಗೆ ಮರಳಿದ್ದು ಅಂಜದೀವದಲ್ಲಿ ತಳ ಉಜ್ಜಿಸಿಕೊಂಡ ಆ ಎರಡೇ ಹಡಗುಗಳು. ಗೋವೆಯ ಮುಂದಿನ 450 ವರ್ಷಗಳ ಪರಾಧೀನತೆಯ ದಾರಿ ಕನ್ನಡ ಕರಾವಳಿಯ ಮರಳಿನ ಮೇಲೆ ಮಲಗಿ ಎದ್ದು ಹೋಯಿತೆಂದರೆ ಅತಿಶಯೋಕ್ತಿಯಾಗದು.

ತಾಮ್ರ ಕಲಿಸಿದ ಪಾಠ

ಉಜ್ಜುವ ಶ್ರಮದಿಂದ ಪಾರಾಗಲು ಮನುಷ್ಯ ಬಹುಕಾಲ ಹೆಣಗಿದ. ಪ್ರಾಚೀನ ಗ್ರೀಕರು ತಳಕ್ಕೆ ಸೀಸದ ತಗಡು ಹೊದಿಸಿದ್ದರು. 1625ರಲ್ಲಿ ಇಂಗ್ಲೆಂಡಿನ ವಿಲಿಯಂ ಬೀಲ್ ಎಂಬಾತ ತಾಮ್ರವಿದ್ದ ಲೇಪವೊಂದಕ್ಕೆ ಪೇಟೆಂಟ್ ಪಡೆದ. 1761ರಲ್ಲಿ ಬ್ರಿಟಿಷ್ ನೌಕಾಪಡೆ ಅಲಾರ್ಮ್ ಎಂಬ ಹಡಗಿನ ತಳಕ್ಕೆ ತಾಮ್ರದ ತಗಡು ಹೊಡೆಸಿ ವೆಸ್ಟ್ ಇಂಡೀಸಿನ ಬಿಸಿನೀರಿಗೆ ಕಳುಹಿಸಿತು. ಚಿಪ್ಪು ಹತ್ತಲಿಲ್ಲ, ಹುಳು ಕೊರೆಯಲಿಲ್ಲ. ಆದರೆ ತಾಮ್ರಕ್ಕೆ ತಾಗಿದ್ದ ಕಬ್ಬಿಣದ ಮೊಳೆಗಳು ಕರಗಿಹೋಗಿದ್ದವು. ಉಪ್ಪುನೀರಿನಲ್ಲಿ ಎರಡು ಲೋಹಗಳು ತಾಗಿದರೆ ಒಂದು ಮತ್ತೊಂದನ್ನು ತಿನ್ನುತ್ತದೆ.

1824ರಲ್ಲಿ ವಿಜ್ಞಾನಿ ಹಂಫ್ರಿ ಡೇವಿ, ತಾಮ್ರ ಸವೆಯದಿರಲು ಅದಕ್ಕೆ ಸತು, ಕಬ್ಬಿಣಗಳ ತುಂಡುಗಳನ್ನು ಜೋಡಿಸುವ ಉಪಾಯ ಹೂಡಿದ. ಉಪಾಯ ಫಲಿಸಿತು, ತಾಮ್ರ ಸವೆಯುವುದು ನಿಂತಿತು. ಆದರೆ ಸವೆತ ನಿಂತೊಡನೆ ಚಿಪ್ಪುಗಳು ಮತ್ತೆ ಬಂದು ಕೂತವು! ತಾಮ್ರ ಹಡಗನ್ನು ಕಾಯುತ್ತಿದ್ದುದು ಗಟ್ಟಿಯಾಗಿದ್ದುದರಿಂದಲ್ಲ, ದಿನದಿನವೂ ಒಂದಿಷ್ಟು ಕರಗಿ ನೀರಿಗೆ ಸೇರುತ್ತಿದ್ದುದರಿಂದ. ಕರಗುವುದೇ ಕಾಯುವುದು. ಇಂದಿನ ಆಂಟಿಫೌಲಿಂಗ್ ಬಣ್ಣಗಳಲ್ಲಿ ಹೆಚ್ಚಿನವು ನಿಂತಿರುವುದು ಈ ಒಂದೇ ಪಾಠದ ಮೇಲೆ.

ಕಬ್ಬಿಣದ ಹಡಗುಗಳು ಬಂದ ಮೇಲೆ ತಾಮ್ರದ ತಗಡು ಹೊಡೆಯುವಂತಿರಲಿಲ್ಲ. ಹೊಡೆದರೆ ಒಡಲೇ ಕರಗುತ್ತಿತ್ತು. ಆದ್ದರಿಂದ ತಾಮ್ರವನ್ನು ಪುಡಿಯಾಗಿ ಬಣ್ಣದಲ್ಲಿ ಬೆರೆಸುವ ಪೈಪೋಟಿ ಶುರುವಾಯಿತು. 1865ರ ಹೊತ್ತಿಗೆ ಇಂಗ್ಲೆಂಡ್ ಒಂದರಲ್ಲೇ ಇಂಥ ಲೇಪಗಳಿಗೆ 300ಕ್ಕೂ ಹೆಚ್ಚು ಪೇಟೆಂಟ್‌ಗಳು ದೊರೆತಿದ್ದವು. ಕೊನೆಗೆ ನಿಂತ ಮಿಶ್ರಣದಲ್ಲಿ ಪ್ರಧಾನವಾದುವು ಎರಡು: ತಾಮ್ರದ ಕೆಂಪು ಆಕ್ಸೈಡು ಮತ್ತು ಅದನ್ನು ಹಿಡಿದಿಟ್ಟು ಮೆಲ್ಲಮೆಲ್ಲನೆ ಬಿಟ್ಟುಕೊಡುವ ಮರದ ರಾಳ. ಹಳೆಯ ನಾವಿಕರ ರಾಳ ಹೊಸ ಡಬ್ಬಿಯೊಳಗೂ ಉಳಿದುಕೊಂಡಿತು. ಹಡಗುಗಳ ತಳ ಬಹುವಾಗಿ ಕೆಂಪಾಗಿರುವ ರೂಢಿಗೂ ಈ ತಾಮ್ರದ ಆಕ್ಸೈಡೇ ಮೂಲ.

ದಂಡೆಯ ಮೇಲಿನ ಕೆಲಸ

ಪೋರ್ಚುಗೀಸರ ಕೊನೆಗಾಲದಲ್ಲಿ, 1957ರಲ್ಲಿ, ವಾಸ್ಕೋದಲ್ಲಿ ಹುಟ್ಟಿದ ಹಡಗುಕಟ್ಟೆಯೇ ಇಂದಿನ ಗೋವಾ ಶಿಪ್‌ಯಾರ್ಡ್. ಅದಿರು ಸಾಗಿಸುವ ಬಾರ್ಜುಗಳ ಕಾಲದಲ್ಲಿ ಮಾಂಡವಿ, ಜುವಾರಿಗಳ ದಂಡೆಯುದ್ದಕ್ಕೂ ದುರಸ್ತಿ ಕಟ್ಟೆಗಳು ಬೆಳೆದವು. ಬಯಲುಸೀಮೆಯಿಂದ ಬಂದ ನಮ್ಮ ಜನರಲ್ಲಿ ಎಷ್ಟೋ ಮಂದಿಗೆ ಅನ್ನ ಕೊಟ್ಟ ಕಟ್ಟೆಗಳಿವು. ಕಡಲನ್ನೇ ಕಾಣದ ಊರಿನಲ್ಲಿ ಹುಟ್ಟಿದವರು ಇಲ್ಲಿ ಹಡಗಿನ ಹೊಟ್ಟೆಯ ಕೆಳಗೆ ಬೆನ್ನಮೇಲೆ ಮಲಗಿ ಕೆಲಸ ಕಲಿತರು. ಬೈನಾದ, ಜುವಾರಿನಗರದ ಮನೆಗಳಲ್ಲಿ ಸಂಜೆ ಕಳಚಿಟ್ಟ ಅಂಗಿಗಳ ಕೆಂಪು ಧೂಳು ಅದಿರಿನದೋ ಬಣ್ಣದ್ದೋ ಎಂದು ಹೇಳಲು ಬಾರದಂತಿದ್ದ ದಿನಗಳು ನಮ್ಮ ನೆನಪಿನಲ್ಲಿವೆ.

ಬಳಿಯುವುದು ಸುಲಭವೆಂದು ನೋಡುವವರಿಗೆ ತೋರುತ್ತದೆ. ಆದರೆ ಹತ್ತರಲ್ಲಿ ಎಂಟು ಪಾಲು ಕೆಲಸ ಬಳಿಯುವ ಮೊದಲೇ ಇದೆ. ಹಡಗು ಮೇಲೆ ಬಂದೊಡನೆ, ಒಣಗುವ ಮುನ್ನವೇ, ಒತ್ತಡದ ನೀರಿನಿಂದ ತೊಳೆಯಬೇಕು. ಒಣಗಿದ ಚಿಪ್ಪು ಕಲ್ಲಾಗುತ್ತದೆ. ಅನಂತರ ಕೆರೆಯಬೇಕು, ಉಜ್ಜಬೇಕು, ಸಡಿಲವಾದ ಹಳೆಯ ಬಣ್ಣ ತೆಗೆಯಬೇಕು. ಉಕ್ಕಿನ ಒಡಲಾದರೆ ತುಕ್ಕು ತಡೆಯುವ ಪದರಗಳು ಮೊದಲು, ತಾಮ್ರದ ಬಣ್ಣ ಆಮೇಲೆ. ನಡುವಿನ ಪದರ ತಪ್ಪಿದರೆ ಅಲಾರ್ಮ್ ಹಡಗಿನ ಮೊಳೆಗಳ ಗತಿಯೇ. ಅಲ್ಯೂಮಿನಿಯಂ ಒಡಲಿಗೆ ತಾಮ್ರದ ಆಕ್ಸೈಡಿನ ಬಣ್ಣ ನಿಷಿದ್ಧ. ತಳಕ್ಕೆ ಬಿಗಿದ ಸತುವಿನ ಗಟ್ಟಿಗಳ ಮೇಲೆ ಬಣ್ಣ ಬೀಳಬಾರದು; ತಾವು ಸವೆದು ಒಡಲನ್ನು ಉಳಿಸುವುದೇ ಅವುಗಳ ಕೆಲಸ. ಡಬ್ಬಿಯಲ್ಲಿ ತಾಮ್ರ ಕೆಳಗಿಳಿದು ಕೂರುವುದರಿಂದ ತಳ ಮುಟ್ಟಿ ಕಲಕಬೇಕು. ಕಲಕದೆ ಬಳಿದರೆ ಕೊಟ್ಟ ಹಣವೆಲ್ಲ ಡಬ್ಬಿಯಲ್ಲೇ ಉಳಿಯುತ್ತದೆ. ಚುಕ್ಕಾಣಿಗೂ ಮೂತಿಗೂ ನೀರಿನ ಗೆರೆಗೂ ಸವೆತ ಹೆಚ್ಚು; ಅಲ್ಲಿಗೆ ಒಂದು ಪದರ ಹೆಚ್ಚು ಬೇಕು. ಗೋವೆಯ ಮುಂಗಾರಿನಲ್ಲಿ ತೇವ ಆರದ ಒಡಲಿನ ಮೇಲೆ ಅವಸರದಿಂದ ಬಳಿದ ಬಣ್ಣ ನಾರಳಿ ಹುಣ್ಣಿಮೆಯ ಸಮುದ್ರಪೂಜೆ ಮುಗಿದು ವಾರಗಳಲ್ಲೇ ಹಪ್ಪಳದಂತೆ ಎದ್ದುಬರುವುದುಂಟು. ನಿಂತ ಹಡಗಿಗೆ ಚಿಪ್ಪು ಹೆಚ್ಚು ಎಂಬುದೂ ಈ ಕಸುಬಿನ ಅನುಭವ. 2012ರಲ್ಲಿ, ಮತ್ತೆ 2018ರಲ್ಲಿ ಗಣಿಗಾರಿಕೆ ನಿಂತಾಗ ದುಡಿಮೆಯಿಲ್ಲದೆ ನಿಂತ ಬಾರ್ಜುಗಳ ಒಡಲು ಅದಕ್ಕೆ ಸಾಕ್ಷಿಯಾಯಿತು.

ವಿಷದ ಋಣ

ಕಾಯುವ ಬಣ್ಣ ಎಂದರೆ ಕೊಲ್ಲುವ ಬಣ್ಣವೂ ಹೌದು. 1960ರ ದಶಕದಲ್ಲಿ ಟಿಬಿಟಿ ಎಂಬ ತವರದ ಸಂಯುಕ್ತ ಬಣ್ಣಕ್ಕೆ ಸೇರಿತು. ತಾಮ್ರಕ್ಕಿಂತ ಎಷ್ಟೋ ಪಾಲು ಪ್ರಬಲವಾದ ಅದು ಹಡಗಿನವರಿಗೆ ವರದಂತೆ ಕಂಡಿತು. ಆದರೆ 1970ರ ದಶಕದ ಕೊನೆಯಲ್ಲಿ ಫ್ರಾನ್ಸಿನ ಅರ್ಕಾಶೋಂ ಕೊಲ್ಲಿಯ ಸಿಂಪಿಗಳ ಮರಿಗಳು ಉಳಿಯಲಿಲ್ಲ, ಬೆಳೆದವುಗಳ ಚಿಪ್ಪು ವಿಕಾರಗೊಂಡಿತು. 1982ರಲ್ಲಿ ಫ್ರಾನ್ಸ್ ಚಿಕ್ಕ ದೋಣಿಗಳಿಗೆ ಅದನ್ನು ನಿಷೇಧಿಸಿತು. ಅತ್ಯಲ್ಪ ಪ್ರಮಾಣದ ಟಿಬಿಟಿಯಿಂದಲೇ ಕಡಲ ಬಸವನಹುಳುಗಳಲ್ಲಿ ಹೆಣ್ಣಿಗೆ ಗಂಡಿನ ಅಂಗ ಬೆಳೆದು ಸಂತಾನ ನಿಲ್ಲುವುದು ಬೆಳಕಿಗೆ ಬಂತು.

ಇದು ದೂರದ ಕಥೆಯಲ್ಲ. 1966ರಲ್ಲಿ ಸ್ಥಾಪನೆಯಾದ, ನಮ್ಮ ದೋನಾಪಾವ್ಲಾದಲ್ಲಿರುವ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯ ಸಂಶೋಧಕರು ಭಾರತದ ಕಡಲಿನ ಬಸವನಹುಳುಗಳಲ್ಲೂ ಈ ವಿಕಾರವನ್ನು ಕಂಡು 1999ರಲ್ಲಿ ಪ್ರಕಟಿಸಿದರು. ಆ ಹುಳುವಿನ ಶಾಸ್ತ್ರೀಯ ಹೆಸರಿನಲ್ಲೇ ಕೊಂಕಣವಿದೆ: ಕ್ರೋನಿಯಾ ಕೊಂಕಣೆನ್ಸಿಸ್. 2001ರ ಅಕ್ಟೋಬರಿನಲ್ಲಿ ಅಂತರರಾಷ್ಟ್ರೀಯ ಸಾಗರ ಸಂಸ್ಥೆಯ ಆಶ್ರಯದಲ್ಲಿ ಇಂಥ ಬಣ್ಣಗಳ ವಿರುದ್ಧ ಒಪ್ಪಂದವಾಯಿತು. 2008ರ ಸೆಪ್ಟೆಂಬರ್ 17ರಂದು ಅದು ಜಾರಿಗೆ ಬಂದಿತು. ಟಿಬಿಟಿ ಹೋಯಿತು, ತಾಮ್ರ ಮತ್ತೆ ಮುಂದೆ ಬಂದಿತು.

ತಾಮ್ರವೂ ನಿರಪಾಯಕಾರಿಯಲ್ಲ. ದಂಡೆಯ ಮೇಲೆ ಒಣದಾಗಿ ಕೆರೆದ ಹಳೆಯ ಬಣ್ಣದ ಪುಡಿ ಮೊದಲು ಕೆರೆಯುವವನ ಉಸಿರಿಗೆ, ಆಮೇಲೆ ಮಳೆನೀರಿನೊಡನೆ ನದಿಗೆ, ಅಲ್ಲಿಂದ ಚಿಪ್ಪು, ಮೀನುಗಳಿಗೆ ಸೇರುತ್ತದೆ. ಅದೇ ಚಿಪ್ಪು, ಅದೇ ಮೀನು ನಮ್ಮ ತಟ್ಟೆಗೆ ಬರುತ್ತವೆ. ಹಾಗೆಂದು ಬಣ್ಣ ಬೇಡವೆನ್ನುವಂತಿಲ್ಲ. ಬಣ್ಣವಿಲ್ಲದ ಹಡಗು ಹೆಚ್ಚು ಎಣ್ಣೆ ಸುಡುತ್ತದೆ; ಒಂದು ಬಂದರಿನ ಜೀವಿಯನ್ನು ಹೊತ್ತು ಇನ್ನೊಂದಕ್ಕೆ ಇಳಿಸುತ್ತದೆ. 1967ರಲ್ಲಿ ವಿಶಾಖಪಟ್ಟಣದ ಬಂದರಿನಲ್ಲಿ ಮೊದಲು ಕಂಡುಬಂದ ಅಮೆರಿಕ ಮೂಲದ ಕಪ್ಪು ಪಟ್ಟೆಯ ಚಿಪ್ಪು ಹಾಗೆ ಹಡಗೇರಿ ಬಂದ ಅತಿಥಿ. ಆದ್ದರಿಂದ ದಾರಿ ಒಂದೇ: ಬಳಿಯಬೇಕು, ಆದರೆ ಎಚ್ಚರದಿಂದ ಬಳಿಯಬೇಕು. ಉಜ್ಜುವಾಗ ನೀರು ಹಾಕುವುದು, ಕೆಳಗೆ ತಾಡಪತ್ರಿ ಹಾಸಿ ಪುಡಿ ಕೂಡಿಡುವುದು, ಕೆಲಸಗಾರನಿಗೆ ತಕ್ಕ ಮುಖಕವಚ, ಕೈಚೀಲ ಕೊಡುವುದು — ಇವು ದೊಡ್ಡ ಖರ್ಚಿನವಲ್ಲ. ದೊಡ್ಡ ಕಟ್ಟೆಗಳಲ್ಲಿ ನಿಯಮವಾಗಿರುವ ಈ ಎಚ್ಚರ ಚಿಕ್ಕ ದಂಡೆಗಳಿಗೂ ಬರಬೇಕು.

ಮತ್ತೆ ಅದೇ ದಂಡೆಗೆ

ಕದಂಬರ ಕುಲದೈವ ಸಪ್ತಕೋಟೀಶ್ವರನ ಮೂಲ ನೆಲೆಯಾದ ದಿವಾರ್ ದ್ವೀಪದಲ್ಲಿ ಈಚೆಗೆ ಒಂದು ಹಡಗು ಸಿದ್ಧವಾಯಿತು. ಅಜಂತೆಯ ಚಿತ್ರವೊಂದನ್ನು ಆಧರಿಸಿ, ಕೇರಳದ ಕುಶಲಕರ್ಮಿಗಳು ಹಲಗೆಗಳನ್ನು ತೆಂಗಿನ ಹುರಿಯಿಂದ ಹೊಲಿದು, ನಾರು, ರಾಳ, ಮೀನೆಣ್ಣೆಗಳಿಂದ ಭದ್ರಪಡಿಸಿದ ಹಡಗು ಅದು. 2025ರ ಮೇ 21ರಂದು ಕಾರವಾರದಲ್ಲಿ ಅದು ಕೌಂಡಿನ್ಯ ಎಂಬ ಹೆಸರಿನಿಂದ ನೌಕಾಪಡೆಯನ್ನು ಸೇರಿತು. ಡಿಸೆಂಬರ್ 29ರಂದು ಪೋರಬಂದರಿನಿಂದ ಮಸ್ಕತ್ತಿನತ್ತ ಹೊರಟಿತು. ಅದರ ಹಾಯಿಯ ಮೇಲೆ ನಮ್ಮ ಗಂಡಭೇರುಂಡವಿದೆ. ಅದು ಸೇರ್ಪಡೆಯಾದ ಕಾರವಾರದ ನೆಲೆಯ ಹೆಸರೇ ಐಎನ್‌ಎಸ್ ಕದಂಬ. ಹತ್ತು ಸಾವಿರ ಟನ್ನಿನ ಹಡಗನ್ನು ನೀರಿನಿಂದೆತ್ತಿ ತಳದ ಕೆಲಸಕ್ಕೆ ನೆಲಕ್ಕಿಡುವ ಯಂತ್ರ ಅಲ್ಲಿದೆ. ಎದುರಿಗೇ, ಅಲೆತಡೆಯ ಗೋಡೆಯಿಂದ ದಂಡೆಗೆ ಕೂಡಿಕೊಂಡು, ಅಂಜದೀವ ನಿಂತಿದೆ. ಐದು ಶತಮಾನಗಳ ಹಿಂದೆ ಪರದೇಶಿಗಳು ಹಡಗನ್ನು ಮಗ್ಗುಲಿಗೆ ಕೆಡವಿ ಉಜ್ಜಿದ ನೀರಿನಲ್ಲೇ ಇಂದು ನಮ್ಮ ಹಡಗುಗಳ ತಳಕ್ಕೆ ಬಣ್ಣ ಹತ್ತುತ್ತಿದೆ.

ಶಾಸನಗಳಲ್ಲಿ ಹಾಯಿಮರಕ್ಕೆ ದೊರೆತ ಸ್ಥಾನ ತಳಕ್ಕೆ ದೊರೆಯಲಿಲ್ಲ. ಆ ಕೊರತೆಯನ್ನು ನಾವು ಮುಂದುವರಿಸಬೇಕಿಲ್ಲ. ಗೋವೆಯ ದುರಸ್ತಿ ಕಟ್ಟೆಗಳಲ್ಲಿ ಮೂವತ್ತು ನಲವತ್ತು ವರ್ಷ ದುಡಿದ ಹಿರಿಯರು ನಮ್ಮ ಸಂಘದ ಕುಟುಂಬಗಳಲ್ಲೇ ಇದ್ದಾರೆ. ಯಾವ ಹಡಗಿಗೆ ಏನು ಬಳಿದರು, ಯಾವ ಉಪಕರಣ ಬಳಸಿದರು, ಕೆಮ್ಮು ಯಾವಾಗ ಹತ್ತಿತು, ಕೂಲಿ ಎಷ್ಟಿತ್ತು ಎಂಬುದನ್ನು ಅವರ ಬಾಯಿಂದಲೇ ಕೇಳಿ ಬರೆದಿಟ್ಟರೆ, ಯಾವ ತಾಮ್ರಪಟವೂ ಹೇಳದ ಇತಿಹಾಸ ಕನ್ನಡದಲ್ಲಿ ಉಳಿಯುತ್ತದೆ. ಮುಂದಿನ ಜೂನಿನಲ್ಲಿ ಮಕ್ಕಳನ್ನು ಕರೆದುಕೊಂಡು ಜೆಟ್ಟಿಯತ್ತ ಹೋದಾಗ, ದಂಡೆಯೇರಿದ ದೋಣಿಯ ಕೆಳಗೆ ಕುಳಿತು ಕೆರೆಯುತ್ತಿರುವವರನ್ನು ಒಂದು ಗಳಿಗೆ ನಿಂತು ಮಾತನಾಡಿಸೋಣ. ಆ ಇತಿಹಾಸದ ಮೊದಲ ಪುಟ ಅಲ್ಲಿಯೇ ದೊರೆಯುತ್ತದೆ.